ಹಾಡು ಕೇಳಲು ಹಂಪಿಗೆ

ತೊಗರಿ ರಾಶಿ ಮುಗಿದಿತ್ತು. 2024ರ ಫೆಬ್ರುವರಿ 2, 3, 4ರಂದು ಹಂಪಿ ಉತ್ಸವ. ನಾವು ಹತ್ತು ಮಂದಿ ಹೆಣ್ಣುಮಕ್ಕಳು ಹೊರಟೆವು.

ಚಿಂಚೋಳಿಗೆ ರೈಲಿಲ್ಲ. ಅಲ್ಲಿಯ ಅಕ್ಕಂದಿರು ಬಸ್ಸಿನಲ್ಲಿ ಸೇಡಂಗೆ ಬಂದರು. ಕೂಡಿ ರೈಲು ಹತ್ತಿದೆವು. ಚಿತ್ತಾಪುರದವರು ದಾರಿಯಲ್ಲಿ ಹತ್ತಿದರು. ಶಹಾಬಾದಿನವರು ವಾಡಿಯಲ್ಲಿ ಸೇರಿದರು. ವಾಡಿಯಿಂದ ಗುಂತಕಲ್ಲು, ಹೊಸಪೇಟೆ. ಮುಂದೆ ಬಸ್ಸು.

ಹಂಪಿಯಲ್ಲಿ ಬಯಲಲ್ಲೇ ಹಾಡು. ಒಂದೇ ಹೊತ್ತಿಗೆ ಹಲವು ವೇದಿಕೆ. ಒಂದು ಕಡೆ ಡೊಳ್ಳು, ಒಂದು ಕಡೆ ವಚನ. ಬೀಸುವಾಗ, ಹೊಲದಲ್ಲಿ ಕಸ ತೆಗೆಯುವಾಗ ನಾವು ಹಾಡುವಂಥ ಹಾಡೂ ಇದ್ದವು. ನಮ್ಮ ಹಾಡಿಗೂ ಇಷ್ಟು ಮಂದಿ ಕೂಡುತ್ತಾರೆ!

ಎರಡನೇ ರಾತ್ರಿ ಗದ್ದಲದಲ್ಲಿ ನಮ್ಮ ಕಾಕಿ ಕಾಣಲಿಲ್ಲ. ಎದೆ ಡವಡವ ಅಂದಿತು. ತಪ್ಪಿಸಿಕೊಂಡರೆ ಎದುರು ಬಸವಣ್ಣನ ಹತ್ತಿರ ಸೇರಬೇಕು ಎಂದು ಮೊದಲೇ ಮಾತಾಗಿತ್ತು. ಓಡಿದೆವು. ಕಾಕಿ ಅಲ್ಲೇ ಕುಳಿತಿದ್ದಳು.

"ಹ್ಯಾಂಗ್ ಬಂದಿ ಕಾಕಿ?"

"ಬೋರ್ಡ್ ಓದ್ಕೋತ ಬಂದೆ. 'ಎ' ಕಂಡ್ತು, 'ದು' ಕಂಡ್ತು. ಯಾರಿಗೂ ಕೇಳ್ಲಿಲ್ಲ."

ಹೋದ ವರ್ಷ ಕಾಕಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಜಾತ್ರೆ, ಉತ್ಸವಕ್ಕೆ ನಾವೂ ಹೋಗೋಣ. ಸೇರುವ ಜಾಗ ಮೊದಲೇ ಗೊತ್ತು ಮಾಡೋಣ. ಊರ ಹೆಸರು, ಫೋನ್ ನಂಬರ್ ಬರೆದು ಸೆರಗಿಗೆ ಕಟ್ಟಿಕೊಳ್ಳೋಣ. ಬೋರ್ಡು ಓದೋಣ.