ಹೋಳಿಗೆಗೆ ಎಲೆ ಸಾಕು, ಚಿಕ್ಕಿಗೆ ಸಾಲದು

ಸೆಟ್ಟೂರಿನ ಸೋದರಿಯವರೇ,

ಹೋಳಿಗೆಯನ್ನೂ ಕಡಲೆಕಾಯಿ ಚಿಕ್ಕಿಯನ್ನೂ ಪ್ಲಾಸ್ಟಿಕ್ ಇಲ್ಲದೆ ಒಂದೇ ಬಗೆಯ ಪೊಟ್ಟಣದಲ್ಲಿ ಮಾರಬೇಕೆಂದು ಕೇಳಿದ್ದೀರಿ. ಅದು ಆಗದ ಮಾತು. ಅವತ್ತೇ ತಿಂದು ಮುಗಿಸುವ ಹೋಳಿಗೆಗೆ ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ಧಾರಾಳ ಸಾಕು. ಹಾಳೆ ತಟ್ಟೆಯನ್ನು ತುಮಕೂರು ಕಡೆಯಿಂದ ತರಿಸಬಹುದು. ಚೆನ್ನಾಗಿ ಒಣಗಿದ್ದನ್ನೇ ಆರಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಚಿಕ್ಕಿಯ ಕಥೆ ಬೇರೆ. ಬೆಲ್ಲ ಗಾಳಿಯ ತೇವ ಹೀರಿ ಅಂಟಾಗುತ್ತದೆ, ಬೀಜದ ಎಣ್ಣೆಗೆ ಗಾಳಿ ತಾಗಿ ಕಮಟು ವಾಸನೆ ಬರುತ್ತದೆ. ಬರಿ ಕಾಗದ ಇವೆರಡನ್ನೂ ತಡೆಯದು. ಊರಿನ ಗಿರಾಕಿಗಳಿಗೆ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು, ಡೆಪಾಸಿಟ್ ಇಟ್ಟುಕೊಂಡು ಡಬ್ಬಿ ವಾಪಸ್ ಪಡೆಯಿರಿ. ಕಲ್ಯಾಣದುರ್ಗ, ಹಿಂದೂಪುರದ ಅಂಗಡಿಗಳಿಗಾದರೆ ಮರುಬಳಕೆಗೆ ಹೋಗುವ, ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಪ್ಯಾಕೆಟ್ಟೇ ಸರಿ. ಕೆಟ್ಟು ಬಿಸಾಡುವ ಚಿಕ್ಕಿಯೂ ಪರಿಸರಕ್ಕೆ ನಷ್ಟವೇ ತಾನೆ?

ಕಾಂಪೋಸ್ಟಬಲ್ ಚೀಲವೆಂದು ಮಾರಲು ಬಂದವರ ಹತ್ತಿರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿ. ಹಳೇ ಪೇಪರ್ ಮಾತ್ರ ಬೇಡವೇ ಬೇಡ: ಶಾಯಿ ತಿಂಡಿಯ ಎಣ್ಣೆಗೆ ಇಳಿಯುತ್ತದೆ, 2018ರ ಆಹಾರ ಪ್ಯಾಕೇಜಿಂಗ್ ನಿಯಮವೂ ಅದನ್ನು ನಿಷೇಧಿಸಿದೆ. ಚಿಕ್ಕಿಗೆ ಯಾವುದನ್ನೇ ಆರಿಸಿದರೂ ಮೊದಲು ಹತ್ತಿಪ್ಪತ್ತು ಕಟ್ಟಿ, ತಿಂಗಳು ಬಿಟ್ಟು ತಿಂದು ನೋಡಿ. ಆಮೇಲೆ ಸಾವಿರದ ಲೆಕ್ಕದಲ್ಲಿ ಕೊಳ್ಳಿ.