ಶೂ ಅಂದ್ರೆ ಕೋಸು!

ಈ ಸಲದ ಪದಪಾಠಕ್ಕೆ ನಾವು ಫ್ರೆಂಚ್ ಅಡುಗೆಮನೆಗೆ ಹೋಗೋಣ. ಅಲ್ಲಿ ಕೋಸಿಗೆ 'ಶೂ' ಅಂತಾರೆ. ಕಾಲಿಗೆ ಹಾಕೋ ಶೂ ಅಲ್ಲ! ದಂಟು ಎಂಬ ಅರ್ಥದ 'ಕೌಲಿಸ್' ಅನ್ನೋ ಲ್ಯಾಟಿನ್ ಪದ ಸವೆದು ಸವೆದು ಶೂ ಆಗಿದೆ.

ಮೊದಲು ಸುಲಭದ್ದು. 'ಫ್ಲರ್' ಅಂದ್ರೆ ಹೂವು, ಹಾಗಾಗಿ 'ಶೂ-ಫ್ಲರ್' ನಮ್ಮ ಹೂಕೋಸು. ಪದಗಳ ಕ್ರಮ ಮಾತ್ರ ಹಿಂದುಮುಂದು. 'ಶೂ-ರಾವ್' ಅಂದ್ರೆ ನವಿಲುಕೋಸು. ಅವರು ಅದರಲ್ಲಿ ಗೆಡ್ಡೆ ಕಂಡರು, ನಾವು ನವಿಲು ಕಂಡೆವು. (ನಮ್ಮದೇ ಚಂದ ಅಂತ ನಮ್ಮ ವಾದ.) ನಿಜಕ್ಕೂ ಅದು ಮಣ್ಣಿನ ಮೇಲೆ ಊದಿಕೊಂಡ ಕಾಂಡ. ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್ ಎಲ್ಲವೂ 'ಬ್ರಾಸಿಕಾ ಒಲರೇಸಿಯಾ' ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಹಾಗಾಗಿ ಎರಡೂ ಭಾಷೆಗಳಲ್ಲಿ ಇವಕ್ಕೆ ಒಂದೇ ಮನೆತನದ ಹೆಸರಿರೋದು ವಿಜ್ಞಾನಕ್ಕೂ ಒಪ್ಪುತ್ತೆ.

ತೊಂದರೆ ಶುರುವಾಗೋದು 'ಶೂ ಫ್ರಿಝೆ' ಬಂದಾಗ. ಫ್ರಿಝೆ ಅಂದ್ರೆ ಗುಂಗುರು. ಆದರೆ ಗುಂಗುರು ಕೋಸುಗಳು ಎರಡಿವೆ. ಒಂದು 'ಶೂ ದ ಮಿಲಾನ್': ಸುಕ್ಕು ಸುಕ್ಕು ಎಲೆ, ಆದರೂ ಎಲೆಕೋಸಿನ ಹಾಗೆ ಉಂಡೆ ಕಟ್ಟುತ್ತೆ. ಇನ್ನೊಂದು ಕೇಲ್: ಉಂಡೆಯೇ ಇಲ್ಲ, ಬಿಡಿ ಬಿಡಿ ಎಲೆ. ಅಡುಗೆಪುಸ್ತಕ ಎರಡಕ್ಕೂ ಫ್ರಿಝೆ ಅನ್ನಬಹುದು. 'ಶೂ ಫಾರ್ಸಿ' ಮಾಡಲು ಹೊರಟಿದ್ದೀರಿ ಅಂದ್ಕೊಳ್ಳಿ. ಅದರಲ್ಲಿ ಕೊಚ್ಚಿದ ಮಾಂಸದ ಹೂರಣವನ್ನು ಎಲೆಯೊಳಗೆ ತುಂಬಿ ನಿಧಾನವಾಗಿ ಬೇಯಿಸ್ತಾರೆ. ಡಿಕ್ಷನರಿ ನಂಬಿ ಕೇಲ್ ತಂದರೆ ಹೂರಣವೆಲ್ಲ ಪಾತ್ರೆ ಪಾಲು!

ಹಾಗಾದ್ರೆ ಗುರುತಿಸೋದು ಹೇಗೆ? ನಾಮಪದ ಬಿಟ್ಟು ಕ್ರಿಯಾಪದ ನೋಡಬೇಕು. 'ನಾಲ್ಕು ಹೋಳು ಮಾಡಿ' ಅಂತಿದ್ದರೆ ಉಂಡೆ ಇದೆ ಅಂತ ಅರ್ಥ. 'ನಡುದಂಟಿನಿಂದ ಎಲೆ ಬಿಡಿಸಿ' ಅಂತಿದ್ದರೆ ಬಹುಶಃ ಕೇಲ್. 'ಪೊಮ್ಮೆ' ಎಂಬ ಪದ ಸಿಕ್ಕರಂತೂ ಅನುಮಾನವೇ ಬೇಡ. 'ಪೊಮ್' ಅಂದ್ರೆ ಸೇಬು, ಪೊಮ್ಮೆ ಅಂದ್ರೆ ಸೇಬಿನಂತೆ ದುಂಡಗೆ ಕಟ್ಟಿದ್ದು.

ಈ ಗೊಂದಲ ತಪ್ಪಿಸೋಕೆ ಈಗ 'ಶೂ ಕೇಲ್' ಅಂತಲೂ ಹೇಳ್ತಾರೆ. ಇಂಗ್ಲಿಷಿನ ಕೇಲ್ ಕೂಡ ಅದೇ ಕೌಲಿಸ್‌ನಿಂದ ಬಂದದ್ದು. ಅಂದ್ರೆ ಕೋಸು-ಕೋಸು, ನಮ್ಮ 'ನಡುಸೆಂಟರ್' ಥರ.

ಕೊನೆಗೆ 'ಶೂಕ್ರೂತ್'. ಇದು ಅಲ್ಸೇಸ್ ಪ್ರಾಂತ್ಯದ ಹುಳಿ ಬರಿಸಿದ ಎಲೆಕೋಸು. ಮೊದಲ ಅರ್ಧ ಶೂ ತಾನೇ, ಅಂದ್ರೆ ಕೋಸು? ಅಲ್ಲ! ಮೂಲಪದ ಅಲ್ಲಿನವರ 'ಸೂರ್‌ಕ್ರೂಟ್'. ಸೂರ್ ಅಂದ್ರೆ ಹುಳಿ, ಕ್ರೂಟ್ ಅಂದ್ರೆ ಕೋಸು. ಫ್ರೆಂಚರ ಕಿವಿಗೆ ಹುಳಿ ಕೋಸಾಗಿ ಕೇಳಿಸಿತು, ಕೋಸು ರೊಟ್ಟಿಯ ಗಟ್ಟಿ ಹೊರಪದರ ಅನ್ನೋ ಅರ್ಥದ 'ಕ್ರೂತ್' ಆಯ್ತು.