ಹೊರಾಂಗಣ ಚಿತ್ರೀಕರಣ: ಕೆಲವು ಎಚ್ಚರಿಕೆಗಳು

ಸಿನೆಮಾ ತೆಗೆಯುವುದೆಂದರೆ ಕಥೆ, ಕ್ಯಾಮೆರಾ, ನಟರು, ಇಷ್ಟೇ ಎಂದು ನಾನೂ ತಿಳಿದಿದ್ದೆನು. ಕಳೆದ ವರ್ಷ ನಾವು ನಾಲ್ವರು ಸಹಪಾಠಿಗಳು ಕಿರುಚಿತ್ರವೊಂದಕ್ಕಾಗಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋದೆವು. ನನ್ನ ತಂದೆಯವರು ಅಲ್ಲಿ ಹಮಾಲಿ ಮಾಡುವವರು, ಕಥೆಯೂ ಅವರದೇ. ಬಣ್ಣ ಬಳಿಯುವವರ ಉದ್ದನೆಯ ಅಲ್ಯುಮಿನಿಯಂ ಕೋಲಿಗೆ ಮೈಕು ಕಟ್ಟಿ, ನಾನು ಎತ್ತಿ ಹಿಡಿದು ನಡೆಯುತ್ತಿರಲು, ಗೇಟಿನ ಕಾವಲುಗಾರರೊಬ್ಬರು ಓಡಿಬಂದರು. "ತಮ್ಮಾ, ಕೋಲು ಕೆಳಗ ಇಳಸು! ಮ್ಯಾಲೆ ನೋಡೀಯೇನು?" ಮೇಲೆ ವಿದ್ಯುತ್ ತಂತಿಗಳಿದ್ದವು. ಬೆಳಗಿನಿಂದ ಅವುಗಳ ಕೆಳಗೇ ಓಡಾಡಿದ್ದ ನಮ್ಮಲ್ಲಿ ಒಬ್ಬನೂ ತಲೆ ಎತ್ತಿರಲಿಲ್ಲ.

ಇದು ಪುಕ್ಕಲರ ಮಾತೆಂದು ವಾಚಕರು ನಗಬಾರದು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ 'ಲವ್ ಯೂ ರಚ್ಚು' ಚಿತ್ರಕ್ಕಾಗಿ ಕ್ರೇನು ಬಳಸಿ ಸಾಹಸ ದೃಶ್ಯ ತೆಗೆಯುವಾಗ, ಹೈಟೆನ್ಶನ್ ತಂತಿಯ ಸಂಪರ್ಕವಾಗಿ ಸಾಹಸ ಕಲಾವಿದನೊಬ್ಬನು ತೀರಿಕೊಂಡನು. ಇಂಥ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ತೀರ ಸಮೀಪಕ್ಕೆ ಹೋದರೆ ವಿದ್ಯುತ್ತು ಗಾಳಿಯನ್ನೇ ದಾಟಿ ಹರಿಯಬಲ್ಲದು. ಹಸಿ ಬಿದಿರನ್ನೂ ನಂಬಕೂಡದು. ಒಬ್ಬನಿಗೆ ತಗುಲಿತೆಂದು ಓಡಿಹೋಗಿ ಎಳೆದರೆ ಎಳೆದವನೂ ಹೋದಾನು. ದೂರ ನಿಂತು, 1912ಕ್ಕೆ ಕರೆಮಾಡಿ ಹೆಸ್ಕಾಂನವರಿಂದ ಪ್ರವಾಹ ನಿಲ್ಲಿಸಬೇಕು, ಆಂಬುಲೆನ್ಸಿಗೆ 108.

ನೀರಿನ ವಿಷಯವೂ ಹಾಗೆಯೇ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಒಳಾಂಗಣವೇ ಕ್ಷೇಮವೆನ್ನುವವರು ಮೈಸೂರಿನ ಪ್ರೀಮಿಯರ್ ಸ್ಟುಡಿಯೋವನ್ನು ನೆನೆಯಲಿ. 1989ರ ಫೆಬ್ರುವರಿ 8ರಂದು ಅಲ್ಲಿ ಟೀಪೂ ಸುಲ್ತಾನನ ಧಾರಾವಾಹಿಯ ಚಿತ್ರೀಕರಣ ನಡೆದಾಗ ಬೆಂಕಿ ಬಿದ್ದು 62 ಜನ ಮಡಿದರು.

ನಮ್ಮ ಬಳಿ ಹೆಲಿಕಾಪ್ಟರೂ ಇಲ್ಲ, ಕ್ರೇನೂ ಇಲ್ಲ. ಆದರೆ ಕ್ಯಾಮೆರಾಕ್ಕೆ ಕಣ್ಣಿಟ್ಟವನಿಗೆ ಚೌಕಟ್ಟಿನ ಆಚೆಗಿನ ಲೋಕ ಕಾಣದೆಂಬುದು ಎಲ್ಲರಿಗೂ ಒಂದೇ. ಬೇಲೂರಿನಲ್ಲಿ ಆ ಲೋಕವೆಂದರೆ ಹಿಂದಕ್ಕೆ ಸರಿಯುವ ಲಾರಿ. ಅದರ ಹಿಂಬದಿಗೆ ಅಂಟಿ ನಿಂತವನು ಚಾಲಕನಿಗೂ ಕಾಣನು. ಆದುದರಿಂದ ತಂಡದಲ್ಲಿ ಒಬ್ಬನು ನಟಿಸದೆ, ಮೈಕು ಹಿಡಿಯದೆ, ಸುತ್ತಲೂ ನೋಡುತ್ತ ಮಾತ್ರ ನಿಂತಿರಬೇಕು. 'ನಿಲ್ಲಿ' ಎಂದು ಅವನೆಂದರೆ ನಿರ್ದೇಶಕನೂ ನಿಲ್ಲಬೇಕು. ಈ ಕೆಲಸ ಯಾರಿಗೂ ಬೇಡ, ತೆರೆಯ ಮೇಲೆ ಇದಕ್ಕೆ ಹೆಸರು ಬರುವುದಿಲ್ಲವಲ್ಲ!

ಮರುದಿನ ಆ ಕೆಲಸ ನನ್ನ ಪಾಲಿಗೆ ಬಂದಿತು. ಪಾಳಿ ಮುಗಿಸಿ ಬಂದ ತಂದೆಯವರು, "ಇದರಾಗ ನಿಂದೇನ ಕೆಲಸ?" ಎಂದು ಕೇಳಿದರು. "ನೋಡಕೋತ ನಿಲ್ಲೂದು, ಅಪ್ಪಾ" ಎಂದೆ. ಮಗ ಬಿ.ಎ. ಓದಿ ಇದನ್ನೇ ಕಲಿತನೇ ಎಂದಾರೆಂದು ನಾಚಿಕೆಯಾಯಿತು. ಅವರು ಏನೂ ಅನ್ನದೆ, ಲಾರಿ ಹಿಂದಕ್ಕೆ ತೆಗೆಸುವಾಗ ಊದುವ ತಮ್ಮ ಸೀಟಿಯನ್ನು ಕಿಸೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅಂದು ಮೂರು ಸಲ ಊದಿದೆ. ನಿರ್ದೇಶಕ ಮಿತ್ರನು ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ.